ಟ್ರೇಲರ್ ಎಳೆಯುವಾಗ ಟೋ ಮೋಡ್: ಯಾವಾಗ ಬೇಕು, ಯಾವಾಗ ಬೇಡ?

ಓದುಗರ ಪ್ರಶ್ನೆ: ನನ್ನ ಬಳಿ ಹತ್ತು ಗೇರುಗಳ ಆಟೋಮ್ಯಾಟಿಕ್ ಪೆಟ್ರೋಲ್ ಪಿಕಪ್ ಟ್ರಕ್ ಇದೆ. ಜನ, ಸಾಮಾನು ಎಲ್ಲ ಸೇರಿ ಅದರ ತೂಕ ಸುಮಾರು 2,600 ಕಿಲೋ. ಹಿಂದೆ ಕಟ್ಟುವ ಕ್ಯಾರವಾನ್ ತುಂಬಿದಾಗ 2,400 ಕಿಲೋ ಆಗುತ್ತದೆ. ಅದಕ್ಕೆ ತನ್ನದೇ ವಿದ್ಯುತ್ ಬ್ರೇಕುಗಳಿವೆ. ಟ್ರೇಲರ್ ಕಟ್ಟಿದ ಕ್ಷಣದಿಂದ ಬಿಚ್ಚುವವರೆಗೆ ಟೋ ಮೋಡ್ ಹಾಕಿಯೇ ಇರಬೇಕೆಂದು ಒಬ್ಬ ಪರಿಚಿತರು ಹೇಳುತ್ತಾರೆ. ಅದು ಇಂಧನ ಕುಡಿಯುತ್ತದೆ, ಎಂಜಿನ್ನಿನ ಆಯುಷ್ಯ ಕಡಿಮೆ ಮಾಡುತ್ತದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಕಳೆದ ಪ್ರಯಾಣದಲ್ಲಿ ಉದ್ದದ ಇಳಿಜಾರೊಂದರಲ್ಲಿ ಬ್ರೇಕ್ ಮುಟ್ಟಿದ ತಕ್ಷಣ ಎಂಜಿನ್ 4,000 ಆರ್‌ಪಿಎಂ ದಾಟಿ ಅಬ್ಬರಿಸಿತು. ಹೆದರಿ ಟೋ ಮೋಡ್ ತೆಗೆದುಬಿಟ್ಟೆ, ಉಳಿದ ದಾರಿಯನ್ನು ಬ್ರೇಕ್ ಒತ್ತಿಕೊಂಡೇ ಇಳಿದೆ. ಕೆಳಗೆ ತಲುಪುವಾಗ ಸುಟ್ಟ ವಾಸನೆ ಬರುತ್ತಿತ್ತು, ಪೆಡಲ್ ಮೆತ್ತಗಾಗಿತ್ತು. ನಾನು ಮಾಡಿದ್ದು ಸರಿಯೇ? ಸಮತಟ್ಟು ರಸ್ತೆಯಲ್ಲಿ, ವಾಹನ ದಟ್ಟಣೆಯಲ್ಲಿ, ಮಳೆಯಲ್ಲಿ ಏನು ಮಾಡಬೇಕು? ನನ್ನಲ್ಲಿರುವ 500 ಕಿಲೋದ ಸಣ್ಣ ಟ್ರೇಲರಿಗೂ ಈ ಮೋಡ್ ಬೇಕೇ?

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಹಲವು, ಆದರೆ ಅವುಗಳ ಹಿಂದಿರುವ ಆತಂಕ ಒಂದೇ. ಟೋ ಮೋಡಿನ ಗುಂಡಿ ಒತ್ತಿದರೆ ಗಾಡಿಗೆ ಹಾನಿಯೋ ಒತ್ತದಿದ್ದರೆ ಹಾನಿಯೋ ಎಂಬುದು ನಿಮಗೆ ಖಚಿತವಾಗುತ್ತಿಲ್ಲ. ಮೊದಲು ಆ ಇಳಿಜಾರಿನ ವಿಷಯವನ್ನೇ ತೆಗೆದುಕೊಳ್ಳುತ್ತೇನೆ. ಅಂದು ನಿಮ್ಮನ್ನು ಹೆದರಿಸಿದ್ದು ಎಂಜಿನ್ನಿನ ಸದ್ದು. ನಿಜವಾದ ಅಪಾಯ ಇದ್ದದ್ದು ಕೆಳಗೆ ತಲುಪಿದಾಗ ಬಂದ ವಾಸನೆಯಲ್ಲಿ, ಮೆತ್ತಗಾದ ಪೆಡಲಿನಲ್ಲಿ. ಟೋ ಮೋಡ್ ತೆಗೆದದ್ದು ಸರಿಯಾದ ನಿರ್ಧಾರವಾಗಿರಲಿಲ್ಲ. ಆದರೆ ಹಾಗೆ ಹೆದರುವವರು ನೀವೊಬ್ಬರೇ ಅಲ್ಲ. ಗೇರ್‌ಬಾಕ್ಸ್ ದುರಸ್ತಿಗೆ ಬಂದ ಎಷ್ಟೋ ಮಂದಿ ನನ್ನ ಬಳಿ ಇದೇ ಕಥೆಯನ್ನು ಹೇಳಿದ್ದಾರೆ. ಗುಂಡಿ ಏನು ಮಾಡುತ್ತದೆ ಎಂಬುದನ್ನು ಯಾರೂ ತಿಳಿಸಿ ಹೇಳದಿದ್ದರೆ, ಏಕಾಏಕಿ ಅಬ್ಬರಿಸುವ ಎಂಜಿನ್ ಯಾರನ್ನಾದರೂ ಹೆದರಿಸುತ್ತದೆ.

ಟೋ ಮೋಡ್, ಅಥವಾ ಕೆಲವು ಗಾಡಿಗಳಲ್ಲಿ ಬರೆದಿರುವಂತೆ ಟೋ ಹಾಲ್ ಮೋಡ್, ಗಾಡಿಗೆ ಹೊಸ ಶಕ್ತಿಯನ್ನೇನೂ ತರುವುದಿಲ್ಲ. ಯಾವ ಗೇರನ್ನು ಯಾವಾಗ ಹಾಕಬೇಕೆಂದು ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹೇಳುವ ಲೆಕ್ಕಾಚಾರವನ್ನು ಅದು ಬದಲಿಸುತ್ತದೆ, ಅಷ್ಟೆ. ಸಾಮಾನ್ಯ ಲೆಕ್ಕಾಚಾರವನ್ನು ರೂಪಿಸುವುದು ಟ್ರೇಲರ್ ಇಲ್ಲದ ಗಾಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ಇಂಧನ ಉಳಿಯಲೆಂದು. ಆದಷ್ಟು ಬೇಗ ಮೇಲಿನ ಗೇರಿಗೆ ಹೋಗು, ಎಂಜಿನ್ನನ್ನು ನಿಧಾನವಾಗಿ ತಿರುಗಿಸು ಎಂಬುದೇ ಅದರ ಗುರಿ. ಟೋ ಮೋಡ್ ಹಾಕಿದಾಗ ಗೇರ್‌ಬಾಕ್ಸ್ ಕೆಳಗಿನ ಗೇರನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ, ಏರು ಸಿಕ್ಕಾಗ ಬೇಗ ಗೇರ್ ಇಳಿಸುತ್ತದೆ, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಟಾರ್ಕ್ ಕನ್ವರ್ಟರಿನ ಲಾಕ್‌ಅಪ್ ಕ್ಲಚ್ಚನ್ನು ಹೆಚ್ಚು ಹೊತ್ತು ಬಿಗಿಯಾಗಿ ಹಿಡಿಯುತ್ತದೆ. ಇಳಿಜಾರಿನಲ್ಲಿ ನೀವು ಬ್ರೇಕ್ ಮುಟ್ಟಿದರೆ, ವೇಗ ತಗ್ಗಬೇಕೆಂಬುದು ನಿಮ್ಮ ಇಚ್ಛೆ ಎಂದು ಗ್ರಹಿಸಿ, ಎಂಜಿನ್ನೇ ಗಾಡಿಯನ್ನು ತಡೆಯುವಂತೆ ಒಂದೆರಡು ಗೇರ್ ಇಳಿಸುತ್ತದೆ. ಕೆಲವು ಗಾಡಿಗಳಲ್ಲಿ ಆಕ್ಸಿಲರೇಟರಿನ ಸ್ಪಂದನೆಯೂ ಬದಲಾಗುತ್ತದೆ, ಸಿಗ್ನಲಿನಲ್ಲಿ ನಿಂತಾಗ ಎಂಜಿನ್ ತಾನಾಗಿ ಆರುವ ವ್ಯವಸ್ಥೆ ನಿಲ್ಲುತ್ತದೆ, ಡೀಸೆಲ್ ಗಾಡಿಯಾದರೆ ಹೊಗೆ ಹೊರಹೋಗುವ ದಾರಿಯನ್ನು ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಕೂಡ ಜೊತೆಗೂಡುತ್ತದೆ. ಈ ವಿವರಗಳು ತಯಾರಕರಿಂದ ತಯಾರಕರಿಗೆ ಬೇರೆ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಇದಕ್ಕೆ ಮೀಸಲಾದ ಪುಟವನ್ನು ಒಮ್ಮೆ ಓದಿಕೊಳ್ಳಿ.

ಇಷ್ಟೆಲ್ಲ ಬದಲಾವಣೆ ಏಕೆ ಬೇಕೆಂದು ತಿಳಿಯಬೇಕಾದರೆ ಶಾಖದ ಬಗ್ಗೆ ಮಾತನಾಡಬೇಕು, ಏಕೆಂದರೆ ಟ್ರೇಲರ್ ಎಳೆಯುವ ಗಾಡಿಯನ್ನು ಕೆಡಿಸುವುದು ಬಹುತೇಕ ಶಾಖವೇ.

ಟಾರ್ಕ್ ಕನ್ವರ್ಟರನ್ನು ಎಣ್ಣೆಯೊಳಗೆ ಎದುರುಬದುರಾಗಿ ಇಟ್ಟ ಎರಡು ಫ್ಯಾನುಗಳೆಂದು ಊಹಿಸಿಕೊಳ್ಳಿ. ಎಂಜಿನ್ ಒಂದನ್ನು ತಿರುಗಿಸುತ್ತದೆ, ಚಿಮ್ಮುವ ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ. ಎರಡರ ವೇಗದಲ್ಲಿ ವ್ಯತ್ಯಾಸ ಇರುವಷ್ಟು ಹೊತ್ತೂ ಎಂಜಿನ್ನಿನ ಶಕ್ತಿಯ ಒಂದು ಪಾಲು ಎಣ್ಣೆಯನ್ನು ಕಡೆಯುವುದರಲ್ಲೇ ಕಳೆದುಹೋಗಿ ಶಾಖವಾಗುತ್ತದೆ. ಲಾಕ್‌ಅಪ್ ಕ್ಲಚ್ ಕಚ್ಚಿದಾಗ ಎರಡೂ ಒಂದೇ ವೇಗದಲ್ಲಿ ತಿರುಗುವುದರಿಂದ ಆ ಶಾಖ ನಿಲ್ಲುತ್ತದೆ. ಈಗ ಭಾರದ ಟ್ರೇಲರ್ ಕಟ್ಟಿಕೊಂಡು, ಏರಿಳಿತದ ರಸ್ತೆಯಲ್ಲಿ, ಸಾಮಾನ್ಯ ಮೋಡಿನಲ್ಲೇ ಹೋಗುತ್ತಿದ್ದೀರಿ ಎನ್ನಿ. ಗೇರ್‌ಬಾಕ್ಸ್ ಮೇಲಿನ ಗೇರಿಗೆ ಹೋಗುತ್ತದೆ, ಎಂಜಿನ್ನಿಗೆ ಎಳೆಯಲಾಗದೆ ಲಾಕ್‌ಅಪ್ ಬಿಡುತ್ತದೆ, ಗೇರ್ ಇಳಿಯುತ್ತದೆ, ಗಾಡಿ ಸ್ವಲ್ಪ ಚೇತರಿಸಿಕೊಂಡ ಕೂಡಲೇ ಮತ್ತೆ ಮೇಲಕ್ಕೆ ಹೋಗುತ್ತದೆ. ನಾವು ಇದನ್ನು ಗೇರ್ ತಡಕಾಟ ಎನ್ನುತ್ತೇವೆ. ಪ್ರತಿ ಬದಲಾವಣೆಯಲ್ಲೂ ಒಳಗಿನ ಕ್ಲಚ್ ಪ್ಲೇಟುಗಳು ಒಂದಿಷ್ಟು ಜಾರುತ್ತವೆ, ಕನ್ವರ್ಟರಿನಲ್ಲಿ ಎಣ್ಣೆ ಕಡೆಯುತ್ತದೆ. ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇರುವ ಗೇರ್‌ಬಾಕ್ಸ್ ಎಣ್ಣೆ ಇಂಥ ಪ್ರಯಾಣದಲ್ಲಿ ಮೇಲೇರುತ್ತ ಹೋಗುತ್ತದೆ. 120 ದಾಟಿದ ಮೇಲೆ ಬಹಳ ಹೊತ್ತು ಹಾಗೆಯೇ ಇದ್ದರೆ ಎಣ್ಣೆ ಬೇಗ ಹಳತಾಗುತ್ತದೆ, ರಬ್ಬರ್ ಸೀಲುಗಳು ಗಡಸಾಗುತ್ತವೆ. ಅಂಥ ಗೇರ್‌ಬಾಕ್ಸುಗಳನ್ನು ಬಿಚ್ಚಿ ನೋಡಿದ್ದೇನೆ. ಕೆಂಪಗಿರಬೇಕಾದ ಎಣ್ಣೆ ಕಂದುಗಪ್ಪಾಗಿ ಸೀದ ವಾಸನೆ ಹೊಡೆಯುತ್ತದೆ, ಕ್ಲಚ್ ಪ್ಲೇಟುಗಳ ಮೇಲಿನ ಘರ್ಷಣೆಯ ಪದರ ಸವೆದು ಎಣ್ಣೆಯ ತಳದಲ್ಲಿ ಕೆಸರಾಗಿ ಕೂತಿರುತ್ತದೆ. ಆ ಗಾಡಿಗಳ ಮಾಲೀಕರಲ್ಲಿ ಹೆಚ್ಚಿನವರು ಜಾಗರೂಕ ಚಾಲಕರೇ. ಎಂಜಿನ್ ಸದ್ದು ಮಾಡಬಾರದೆಂದು ಟೋ ಮೋಡ್ ಹಾಕದೆ ಓಡಿಸಿದವರು.

ಹೆಚ್ಚು ಆರ್‌ಪಿಎಂ ಎಂದರೆ ಎಂಜಿನ್ನಿಗೆ ಹೆಚ್ಚು ಸವೆತ ಎಂಬ ನಿಮ್ಮ ಎರಡನೆಯ ಪರಿಚಿತರ ವಾದವನ್ನು ಒಂದು ಲೆಕ್ಕದಿಂದ ಪರೀಕ್ಷಿಸೋಣ. ಒಟ್ಟು 5,000 ಕಿಲೋ ತೂಕದ ನಿಮ್ಮ ಜೋಡಿಯನ್ನು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ, ನೂರು ಮೀಟರಿಗೆ ನಾಲ್ಕು ಮೀಟರ್ ಏರುವ ರಸ್ತೆಯಲ್ಲಿ ಎಳೆಯಲು, ಗಾಳಿಯ ತಡೆ, ಟೈರುಗಳ ತಡೆ ಎಲ್ಲ ಸೇರಿ ಸುಮಾರು 80 ಕಿಲೋವ್ಯಾಟ್ ಬೇಕು. ಎಂಜಿನ್ 1,800 ಆರ್‌ಪಿಎಂನಲ್ಲಿ ತಿರುಗುತ್ತಿದ್ದರೆ ಅಷ್ಟು ಶಕ್ತಿ ಕೊಡಲು 424 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಚು ಬಲ, ಒದಗಿಸಬೇಕು. 3,000ದಲ್ಲಿ ತಿರುಗುತ್ತಿದ್ದರೆ 255 ಸಾಕು. ಕೆಲಸ ಅದೇ, ಆದರೆ ಮೊದಲನೆಯದರಲ್ಲಿ ಪ್ರತಿ ಸಿಲಿಂಡರಿನ ಒತ್ತಡ, ಬೇರಿಂಗಿನ ಮೇಲಿನ ಭಾರ, ಗೇರ್‌ಬಾಕ್ಸ್ ಹೊರಬೇಕಾದ ತಿರುಚು ಬಲ ಎಲ್ಲವೂ ಅಧಿಕ. ತುಂಬಿದ ಗಾಡಿಯನ್ನು ಟಾಪ್ ಗೇರಿನಲ್ಲೇ ಘಟ್ಟ ಹತ್ತಿಸಿದರೆ ಎಂಜಿನ್ ಮುಲುಕುತ್ತದೆಂದು ಹಳೆಯ ಚಾಲಕರು ಹೇಳುತ್ತಿದ್ದುದು ಇದನ್ನೇ. ಇಂದಿನ ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ನುಗಳಲ್ಲಂತೂ ಕಡಿಮೆ ಆರ್‌ಪಿಎಂನಲ್ಲಿ ಪೂರ್ತಿ ಭಾರ ಹೊರಿಸಿದರೆ, ಕಿಡಿ ಹೊತ್ತುವ ಮೊದಲೇ ಇಂಧನ ತಾನಾಗಿ ಹೊತ್ತಿಕೊಂಡು ಪಿಸ್ಟನ್ನಿಗೆ ಪೆಟ್ಟು ಬೀಳುವ ಸಂಭವವಿದೆ. ಮಾಪಕದಲ್ಲಿ ಎಂಜಿನ್ನಿನ ಮಿತಿ ತೋರಿಸುವ ಕೆಂಪು ಗೆರೆಯಿಂದ ಬಹಳ ಕೆಳಗಿರುವ 3,000 ಆರ್‌ಪಿಎಂ ಎಂಜಿನ್ನಿಗೆ ಸಲೀಸಾದ ವೇಗ.

ಇಂಧನದ ವಿಷಯದಲ್ಲಿ ಅವರ ಮಾತು ಅರ್ಧ ನಿಜ. ಸಮತಟ್ಟು ರಸ್ತೆಯಲ್ಲಿ, ಹಗುರ ಹೊರೆಯಲ್ಲಿ ಟೋ ಮೋಡ್ ಹಾಕಿದರೆ ಎಂಜಿನ್ ಅಗತ್ಯಕ್ಕಿಂತ ವೇಗವಾಗಿ ತಿರುಗಿ ಇಂಧನ ಹೆಚ್ಚು ಖರ್ಚಾಗುತ್ತದೆ. ಭಾರದ ಹೊರೆಯಿದ್ದು ರಸ್ತೆ ಏರಿಳಿತದ್ದಾದರೆ ಆ ವ್ಯತ್ಯಾಸ ಬಹುಮಟ್ಟಿಗೆ ಮಾಯವಾಗುತ್ತದೆ, ಏಕೆಂದರೆ ಸಾಮಾನ್ಯ ಮೋಡಿನಲ್ಲೂ ಗೇರ್‌ಬಾಕ್ಸ್ ಹೇಗೂ ಗೇರ್ ಇಳಿಸಲೇಬೇಕಾಗುತ್ತದೆ. ತಡವಾಗಿ, ತಡಕಾಡಿಕೊಂಡು ಇಳಿಸುತ್ತದೆ ಎಂಬುದಷ್ಟೇ ಭೇದ.

ಈಗ ಇಳಿಜಾರಿಗೆ ಬರೋಣ. ಇದರ ಬಗ್ಗೆ ತುಸು ದೀರ್ಘವಾಗಿ ಬರೆಯುತ್ತೇನೆ, ಏಕೆಂದರೆ ಏರಿನಲ್ಲಿ ಮಾಡಿದ ತಪ್ಪಿಗೆ ದುರಸ್ತಿಯ ಖರ್ಚು ಬರುತ್ತದೆ, ಇಳಿಜಾರಿನಲ್ಲಿ ಮಾಡಿದ ತಪ್ಪಿಗೆ ಜೀವವೇ ಹೋಗಬಹುದು. ನಿಮ್ಮ 5,000 ಕಿಲೋ ನೂರಕ್ಕೆ ಆರು ಇಳಿಯುವ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಇಳಿಯುವಾಗ ಗುರುತ್ವ ಅದನ್ನು ಸುಮಾರು 49 ಕಿಲೋವ್ಯಾಟ್ ಶಕ್ತಿಯಿಂದ ಮುಂದಕ್ಕೆ ತಳ್ಳುತ್ತಿರುತ್ತದೆ. ಗಾಳಿ ಮತ್ತು ಟೈರುಗಳು ಅದರಲ್ಲಿ ಇಪ್ಪತ್ತರಷ್ಟನ್ನು ತಿಂದರೂ ಉಳಿದ ಮೂವತ್ತು ಕಿಲೋವ್ಯಾಟ್ ಎಲ್ಲಾದರೂ ಹೋಗಲೇಬೇಕು. ಒಂದು ಕಿಲೋವ್ಯಾಟಿನ ಮೂವತ್ತು ಹೀಟರುಗಳನ್ನು ಒಟ್ಟಿಗೆ ಹಚ್ಚಿದಷ್ಟು ಶಾಖ ಅದು. ಎಂಟು ಕಿಲೋಮೀಟರ್ ಇಳಿಯಲು ಎಂಟು ನಿಮಿಷ ಬೇಕು. ಆ ಎಂಟು ನಿಮಿಷವೂ ನಿಮ್ಮ ಬ್ರೇಕ್ ಡಿಸ್ಕು, ಡ್ರಮ್ಮುಗಳು ಆ ಹೀಟರುಗಳ ಜಾಗದಲ್ಲಿ ನಿಂತಿರುತ್ತವೆ. ಅದರ ಬದಲು ಕೆಳಗಿನ ಗೇರಿನಲ್ಲಿ ಇಳಿದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಮುಚ್ಚಿದ ಥ್ರಾಟಲಿನ (ಎಂಜಿನ್ನಿಗೆ ಗಾಳಿ ಬಿಡುವ ಕವಾಟದ) ಎದುರು ಗಾಳಿಯನ್ನು ಎಳೆದು ತಳ್ಳುವುದರಲ್ಲಿ, ಒಳಗಿನ ಘರ್ಷಣೆಯಲ್ಲಿ ಆ ಶಕ್ತಿಯ ದೊಡ್ಡ ಪಾಲು ಸವೆದು, ಸೈಲೆನ್ಸರಿನಿಂದಲೂ ರೇಡಿಯೇಟರಿನಿಂದಲೂ ಹೊರಹೋಗುತ್ತದೆ.

ಅಂದು ನೀವು ಕೇಳಿದ ಅಬ್ಬರ ಈ ಕೆಲಸದ ಸದ್ದು. ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗ ಇಂದಿನ ಎಂಜಿನ್ನುಗಳಲ್ಲಿ ಇಂಧನದ ಸಿಂಪಡಣೆ ನಿಂತುಹೋಗಿರುತ್ತದೆ. ಸಿಲಿಂಡರಿನಲ್ಲಿ ಸ್ಫೋಟವೇ ಇಲ್ಲದಿರುವುದರಿಂದ ಅದೇ ಆರ್‌ಪಿಎಂನಲ್ಲಿ ಏರು ಹತ್ತುವಾಗ ಬೀಳುವ ಭಾರದ ಒಂದು ಸಣ್ಣ ಪಾಲು ಮಾತ್ರ ಎಂಜಿನ್ನಿನ ಮೇಲೆ ಬೀಳುತ್ತದೆ. ಎಂಜಿನ್ ಮಿತಿ ಮೀರಿ ತಿರುಗುವಷ್ಟು ಕೆಳಗಿನ ಗೇರನ್ನು ಗೇರ್‌ಬಾಕ್ಸಿನ ಕಂಪ್ಯೂಟರ್ ತಾನಾಗಿ ಹಾಕುವುದೂ ಇಲ್ಲ. ಆದರೂ ಒಂದು ಎಚ್ಚರಿಕೆ ಬೇಕು. ಗೇರ್ ಹಿಡಿದ ಮೇಲೂ ಇಳಿಜಾರು ಇನ್ನಷ್ಟು ಕಡಿದಾದರೆ ವೇಗ ಏರುತ್ತಾ ಮುಳ್ಳು ಕೆಂಪು ಗೆರೆಯ ಕಡೆಗೆ ಹೋಗಬಹುದು, ಆಗ ಕೆಲವು ಗಾಡಿಗಳು ಎಂಜಿನ್ನನ್ನು ಉಳಿಸಿಕೊಳ್ಳಲು ಮೇಲಿನ ಗೇರಿಗೆ ಜಾರಿಬಿಡುತ್ತವೆ. ಆ ಹಂತಕ್ಕೆ ಹೋಗಗೊಡದೆ ಬ್ರೇಕ್ ಬಳಸಿ ವೇಗ ತಗ್ಗಿಸಬೇಕು. ಡೀಸೆಲ್ ಗಾಡಿಯವರೂ ಗಮನಿಸಬೇಕಾದ ವಿಷಯವೊಂದಿದೆ. ಎಕ್ಸಾಸ್ಟ್ ಬ್ರೇಕ್ ಇಲ್ಲದ ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್ನಿನಷ್ಟು ತಡೆ ಒಡ್ಡುವುದಿಲ್ಲ.

ಬ್ರೇಕನ್ನು ಬಳಸುವ ರೀತಿಯೂ ಮುಖ್ಯ. ಇಳಿಜಾರು ಆರಂಭವಾಗುವ ಮೊದಲೇ ವೇಗ ತಗ್ಗಿಸಿ, ಟೋ ಮೋಡ್ ಹಾಕಿ, ಗೇರ್ ಇಳಿಯಲು ಬಿಡಿ. ವೇಗ ಸುರಕ್ಷಿತ ಮಟ್ಟವನ್ನು ಮುಟ್ಟಿದಾಗ ಬ್ರೇಕನ್ನು ಮೂರ್ನಾಲ್ಕು ಸೆಕೆಂಡು ದೃಢವಾಗಿ ಒತ್ತಿ ವೇಗವನ್ನು ಗಂಟೆಗೆ ಎಂಟು ಹತ್ತು ಕಿಲೋಮೀಟರ್ ಇಳಿಸಿ, ಆಮೇಲೆ ಪೂರ್ತಿ ಬಿಡಿ. ಮತ್ತೆ ವೇಗ ಏರಿದಾಗ ಮತ್ತೆ ಹಾಗೆಯೇ ಮಾಡಿ. ಮಧ್ಯದ ವಿರಾಮದಲ್ಲಿ ಬ್ರೇಕಿಗೆ ಗಾಳಿ ಸಿಗುತ್ತದೆ. ಕಾಲನ್ನು ಪೆಡಲಿನ ಮೇಲೆ ಹಗುರವಾಗಿ ಇಟ್ಟುಕೊಂಡೇ ಇಳಿದರೆ ಆ ವಿರಾಮವೂ ಸಿಗುವುದಿಲ್ಲ. ಏರಿದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಮಾತನ್ನು ನಂಬಿ ಕೂರಬೇಡಿ. ಇಂದಿನ ಬಲವಾದ ಎಂಜಿನ್ನುಗಳು ಮೇಲಿನ ಗೇರಿನಲ್ಲೇ ಏರಿಬಿಡುವುದರಿಂದ, ಇಳಿಯುವಾಗ ಅದಕ್ಕಿಂತ ಕೆಳಗಿನ ಗೇರ್ ಬೇಕಾಗುವುದು ಸಾಮಾನ್ಯ. ನ್ಯೂಟ್ರಲಿನಲ್ಲಿ ಮಾತ್ರ ಎಂದಿಗೂ ಇಳಿಯಬೇಡಿ.

ಹಾಗಾದರೆ ಟ್ರೇಲರ್ ಕಟ್ಟಿದೊಡನೆ ಗುಂಡಿ ಒತ್ತಿಬಿಡಬೇಕೇ? ನಿಮ್ಮ ಮೊದಲ ಪರಿಚಿತರ ಸಲಹೆ ತಪ್ಪಿದರೂ ಸುರಕ್ಷತೆಯ ಕಡೆಗೇ ತಪ್ಪುತ್ತದೆ, ಹಾಗಾಗಿ ಅದನ್ನು ಬಲವಾಗಿ ಅಲ್ಲಗಳೆಯುವುದಿಲ್ಲ. ಆದರೆ ಪ್ರಶ್ನೆ ಟ್ರೇಲರ್ ಇದೆಯೋ ಇಲ್ಲವೋ ಎಂಬುದಲ್ಲ. ಹೊರೆ ಎಷ್ಟು, ರಸ್ತೆ ಹೇಗಿದೆ ಎಂಬುದು. ಜನರಲ್ ಮೋಟಾರ್ಸಿನ ಟ್ರಕ್ಕುಗಳ ಕೈಪಿಡಿಗಳಲ್ಲಿ, ಗಾಡಿ ಮತ್ತು ಟ್ರೇಲರಿನ ಒಟ್ಟು ತೂಕ ಅನುಮತಿಸಿದ ಗರಿಷ್ಠ ಜೋಡಿ ತೂಕದ ಕನಿಷ್ಠ ಶೇ. 75ರಷ್ಟು ಇದ್ದಾಗ ಈ ಮೋಡ್ ಹೆಚ್ಚು ಪರಿಣಾಮಕಾರಿ ಎಂದಿದೆ. ಹಗುರ ಹೊರೆಯಲ್ಲಿ ಬಳಸಿದರೆ ಹಾನಿಯಿಲ್ಲ, ಪ್ರಯೋಜನವೂ ಇಲ್ಲ ಎಂಬುದು ಅದರ ಜೊತೆಗಿನ ಮಾತು. ನನ್ನ ಅನುಭವದಲ್ಲಿ ಆ ಶೇಕಡಾವಾರು ಒಳ್ಳೆಯ ಆರಂಭಬಿಂದು, ಆದರೆ ತೂಕವೊಂದೇ ಎಲ್ಲವನ್ನೂ ಹೇಳುವುದಿಲ್ಲ. ಕ್ಯಾರವಾನಿನಂತೆ ಎತ್ತರದ, ಚಪ್ಪಟೆ ಮುಖದ ಪೆಟ್ಟಿಗೆ ಹಗುರವಾಗಿದ್ದರೂ ಗಾಳಿಗೆ ಗೋಡೆಯಂತೆ ನಿಲ್ಲುತ್ತದೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಂತೆ ಏರುವುದರಿಂದ 80ರಿಂದ 100ಕ್ಕೆ ಹೋದರೆ ಅದು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಎದುರುಗಾಳಿಯಿರುವ ದಿನ ಸಮತಟ್ಟು ರಸ್ತೆಯೂ ಏರಿನಂತೆಯೇ.

ಆದ್ದರಿಂದ ಅಂಕಿಗಿಂತ ನಿಮ್ಮ ಕಿವಿಯನ್ನೂ ಬಲಗಾಲನ್ನೂ ನಂಬಿ ಎಂದು ಹೇಳುತ್ತೇನೆ. ಒಂದು ನಿಮಿಷದಲ್ಲಿ ಗೇರ್ ಎರಡು ಮೂರು ಸಲ ಮೇಲೆ ಕೆಳಗೆ ಹೋಗುತ್ತಿದ್ದರೆ, ಅಥವಾ ವೇಗ ಉಳಿಸಿಕೊಳ್ಳಲು ಆಕ್ಸಿಲರೇಟರನ್ನು ಮತ್ತೆ ಮತ್ತೆ ಒತ್ತಬೇಕಾಗುತ್ತಿದ್ದರೆ, ಅಥವಾ ಇಳಿಜಾರಿನಲ್ಲಿ ಕಾಲು ಪದೇ ಪದೇ ಬ್ರೇಕಿನತ್ತ ಹೋಗುತ್ತಿದ್ದರೆ, ಟೋ ಮೋಡ್ ಹಾಕಿ. ಗೇರ್‌ಬಾಕ್ಸ್ ಎಣ್ಣೆಯ ತಾಪಮಾನವನ್ನು ಪರದೆಯಲ್ಲಿ ತೋರಿಸುವ ಸೌಲಭ್ಯವಿದ್ದರೆ ಅದನ್ನು ತೆರೆದಿಟ್ಟುಕೊಳ್ಳಿ. ಏರುತ್ತಲೇ ಇರುವ ಅಂಕಿ ಬಹಳ ಬೇಗ ಪಾಠ ಹೇಳುತ್ತದೆ. ನಿಮ್ಮ ಕ್ಯಾರವಾನಿಗೆ ಏರಿಳಿತದ ದಾರಿಯಲ್ಲಿ ಇಡೀ ಹೊತ್ತು ಟೋ ಮೋಡ್ ಇರಲಿ. ಉದ್ದಕ್ಕೂ ಸಮತಟ್ಟಾದ ಹೆದ್ದಾರಿಯಲ್ಲಿ, ಗಾಳಿ ಶಾಂತವಾಗಿದ್ದು ಗೇರ್ ಒಂದೇ ಕಡೆ ನೆಲೆಸಿದ್ದರೆ, ತೆಗೆದು ನೋಡಬಹುದು. ತಡಕಾಟ ಶುರುವಾದರೆ ಮತ್ತೆ ಹಾಕಿ. ದಟ್ಟಣೆಯಲ್ಲಿ ನಿಂತು ಸಾಗುವಾಗಲೂ, ಇಕ್ಕಟ್ಟಿನ ಜಾಗದಲ್ಲಿ ಟ್ರೇಲರ್ ತಿರುಗಿಸುವಾಗಲೂ ಅದು ಇದ್ದರೆ ನಿಧಾನ ವೇಗದ ಹಿಡಿತ ಚೆನ್ನಾಗಿರುತ್ತದೆ. 500 ಕಿಲೋದ ಸಣ್ಣ ಟ್ರೇಲರಿಗೆ ನಿಮ್ಮಂಥ ಟ್ರಕ್ಕಿನಲ್ಲಿ ಸಾಮಾನ್ಯವಾಗಿ ಇದರ ಅಗತ್ಯವಿಲ್ಲ, ಉದ್ದದ ಕಡಿದಾದ ಇಳಿಜಾರು ಬಂದಾಗ ಹೊರತು. ಟ್ರೇಲರೇ ಇಲ್ಲದೆ ಹಿಂಬದಿಯ ತೊಟ್ಟಿಯಲ್ಲಿ ತುಂಬ ಭಾರ ಹೇರಿಕೊಂಡಿದ್ದರೂ ಇದೇ ನಿಯಮ ಅನ್ವಯಿಸುತ್ತದೆ.

ಮಳೆ, ಕೆಸರು, ಜಲ್ಲಿ, ಮಂಜುಗಡ್ಡೆಯ ವಿಷಯ ಬೇರೆ. ಎಂಜಿನ್ ತಡೆ ಬೀಳುವುದು ಎಂಜಿನ್ನಿಗೆ ಜೋಡಿಸಿದ ಚಕ್ರಗಳ ಮೇಲೆ ಮಾತ್ರ. ಟ್ರೇಲರಿನ ಚಕ್ರಗಳಿಗೆ ಅದು ತಲುಪುವುದೇ ಇಲ್ಲ. ಜಾರುವ ಇಳಿಜಾರಿನಲ್ಲಿ ಗೇರ್ ತಟ್ಟನೆ ಎರಡು ಮೆಟ್ಟಿಲು ಇಳಿದರೆ ಹಿಂದಿನ ಚಕ್ರಗಳು ಹಿಡಿತ ಕಳೆದುಕೊಳ್ಳಬಹುದು, ಆಗ ಹಿಂದಿನಿಂದ ತಳ್ಳುವ ಟ್ರೇಲರ್ ಗಾಡಿಯನ್ನು ಅಡ್ಡ ತಿರುಗಿಸುವ ಭಯವಿದೆ. ಬರಿಯ ಒದ್ದೆ ಡಾಂಬರು ರಸ್ತೆಯಲ್ಲಿ ಟೈರು ಚೆನ್ನಾಗಿದ್ದರೆ ಟೋ ಮೋಡ್ ಇಟ್ಟುಕೊಂಡೇ, ಇನ್ನೂ ಕಡಿಮೆ ವೇಗದಲ್ಲಿ ಇಳಿಯುತ್ತೇನೆ. ಮಂಜುಗಡ್ಡೆ ಅಥವಾ ಸಡಿಲ ಜಲ್ಲಿಯಾದರೆ ಅದನ್ನು ತೆಗೆದು, ಮೇಲೆಯೇ ವೇಗ ಬಹಳಷ್ಟು ಇಳಿಸಿ, ಕೈಯಿಂದಲೇ ಒಂದು ಗೇರನ್ನು ಆರಿಸಿ ಅದರಲ್ಲೇ ಇರುತ್ತೇನೆ. ಕೈಯಿಂದ ಗೇರ್ ಆರಿಸುವ ಈ ದಾರಿ ಒಣ ರಸ್ತೆಯಲ್ಲೂ ಟೋ ಮೋಡಿಗೆ ಒಳ್ಳೆಯ ಪರ್ಯಾಯ. ಯಾವಾಗ ಏನಾಗುತ್ತದೆಂಬುದು ನಿಮಗೆ ಮೊದಲೇ ತಿಳಿದಿರುತ್ತದೆ. ಆದರೆ ಮುಂದೆ ಬರುವುದನ್ನು ನೀವೇ ಊಹಿಸಬೇಕು, ಏರು ಬಂದಾಗ ಮರೆತರೆ ಎಂಜಿನ್ ಮುಲುಕುತ್ತದೆ. ವೇಗವನ್ನು ತಾನಾಗಿ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಏರಿಳಿತದ ದಾರಿಯಲ್ಲಿ ಬೇಡ, ಯಾವ ಮೋಡಿನಲ್ಲಿದ್ದರೂ. ಅದಕ್ಕೆ ಮುಂದಿನ ಏರು ಕಾಣುವುದಿಲ್ಲ. ವೇಗ ಬಿದ್ದ ಮೇಲೆ ಆಕ್ಸಿಲರೇಟರನ್ನು ಜೋರಾಗಿ ಒತ್ತುತ್ತದೆ.

ನೀವು ಕೇಳದಿದ್ದರೂ ಒಂದು ತಪ್ಪುಕಲ್ಪನೆಯನ್ನು ಹೇಳಲೇಬೇಕು. ಟೋ ಮೋಡ್ ಇದೆಯೆಂದು ಗಾಡಿ ಎಳೆಯಬಲ್ಲ ತೂಕ ಒಂದು ಕಿಲೋ ಕೂಡ ಹೆಚ್ಚುವುದಿಲ್ಲ. ಆ ಮಿತಿಯನ್ನು ಚಾಸಿ, ಹಿಚ್ (ಟ್ರೇಲರ್ ಕಟ್ಟುವ ಕೊಂಡಿ), ಆಕ್ಸಲ್, ಟೈರು, ಬ್ರೇಕು ಮತ್ತು ಶೀತಕ ವ್ಯವಸ್ಥೆಗಳು ಸೇರಿ ನಿರ್ಧರಿಸುತ್ತವೆ. ಎಳೆಯುವ ತೂಕದ ಮಿತಿಯನ್ನು ನಿರ್ಧರಿಸಲು ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ ರೂಪಿಸಿದ ಜೆ2807 ಮಾನದಂಡ ತನ್ನ ಘಟ್ಟದ ಪರೀಕ್ಷೆಗೆ ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ಸುಮಾರು 18 ಕಿಲೋಮೀಟರಿನ ಏರುರಸ್ತೆಯನ್ನು ಆಧಾರವಾಗಿಟ್ಟುಕೊಂಡಿದೆ. 38 ಡಿಗ್ರಿಯ ಸೆಕೆಯಲ್ಲಿ, ಎಸಿ ಪೂರ್ತಿ ಹಾಕಿಕೊಂಡು, ಪೂರ್ತಿ ಹೊರೆಯೊಡನೆ ಗಾಡಿ ಅದನ್ನು ಕನಿಷ್ಠ ವೇಗ ಕಳೆದುಕೊಳ್ಳದೆ ಹತ್ತಬೇಕು. ಹಾಗೆಯೇ ಟ್ರೇಲರ್ ತೂಕದ ಶೇ. 10ರಿಂದ 15 ಹಿಚ್ಚಿನ ಮೇಲೆ ಬೀಳದೆ ಟ್ರೇಲರ್ ಓಲಾಡುತ್ತಿದ್ದರೆ ಅದನ್ನು ಸರಿಪಡಿಸುವುದೂ ಈ ಗುಂಡಿಯ ಕೆಲಸವಲ್ಲ. ಸಾಮಾನನ್ನು ಸರಿಯಾಗಿ ಜೋಡಿಸಬೇಕು.

ಕೊನೆಯದಾಗಿ, ಮುಂದಿನ ಪ್ರಯಾಣಕ್ಕೆ ಮೊದಲು ನೀವು ಮಾಡಿಸಲೇಬೇಕಾದ ಕೆಲಸ. ಪೆಡಲ್ ಮೆತ್ತಗಾಯಿತು ಎಂದಿದ್ದೀರಿ. ಪ್ಯಾಡುಗಳು ಮಾತ್ರ ಕಾದಿದ್ದರೆ ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ನಿಲ್ಲಲು ಒಪ್ಪುವುದಿಲ್ಲ. ಪೆಡಲೇ ಮೆತ್ತಗಾಗುವುದು ಬಹುತೇಕ ಬ್ರೇಕ್ ದ್ರವ ಕುದಿದು ಆವಿಯಾದಾಗ. ಡಾಟ್ 3 ದರ್ಜೆಯ ಬ್ರೇಕ್ ದ್ರವ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು, ಆದರೆ ತೇವ ಹೀರಿಕೊಂಡ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ದ್ರವಕ್ಕೆ ಅದೇ ಅಂಕಿಗಳು 230 ಮತ್ತು 155. ದ್ರವವನ್ನು ಪೂರ್ತಿ ಬದಲಿಸಿ, ಪ್ಯಾಡು ಡಿಸ್ಕುಗಳನ್ನು ಬಿಚ್ಚಿ ನೋಡಿಸಿ. ಆ ಸುಟ್ಟ ವಾಸನೆ ಟ್ರಕ್ಕಿನ ಚಕ್ರಗಳಿಂದ ಬಂದಿತ್ತೋ ಕ್ಯಾರವಾನಿನ ಚಕ್ರಗಳಿಂದಲೋ ಎಂಬುದನ್ನೂ ನೆನಪಿಸಿಕೊಳ್ಳಿ. ಟ್ರಕ್ಕಿನ ಚಕ್ರಗಳು ಕಾದು ಕ್ಯಾರವಾನಿನ ಚಕ್ರಗಳು ತಣ್ಣಗೇ ಇದ್ದರೆ, ಟ್ರೇಲರ್ ಬ್ರೇಕ್ ನಿಯಂತ್ರಕವನ್ನು ತೀರಾ ಕಡಿಮೆಗೆ ಹೊಂದಿಸಲಾಗಿದೆ ಅಥವಾ ಆ ಬ್ರೇಕುಗಳು ಕೆಲಸವನ್ನೇ ಮಾಡುತ್ತಿಲ್ಲ. 5,000 ಕಿಲೋವನ್ನು ನಿಮ್ಮ ಟ್ರಕ್ ಒಂದೇ ತಡೆದಿದೆ. ಖಾಲಿ, ಸಮತಟ್ಟಾದ ಜಾಗದಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರಿನಲ್ಲಿ ಹೋಗುತ್ತ ನಿಯಂತ್ರಕದ ಕೈಗುಂಡಿಯನ್ನು ಮಾತ್ರ ಒತ್ತಿ ನೋಡಿ. ಕ್ಯಾರವಾನ್ ಹಿಂದಿನಿಂದ ಜಗ್ಗಿದಂತಾಗಿ ಜೋಡಿ ನಿಧಾನವಾಗಬೇಕು, ಚಕ್ರಗಳು ಜಾಮ್ ಆಗಬಾರದು. ಅದು ಸರಿಯಾಗಿ ಹೊಂದುವ ತನಕ ಉದ್ದದ ಇಳಿಜಾರಿನ ದಾರಿ ಹಿಡಿಯಬೇಡಿ.